ಕುರಿ ಮಲಗಿದರೂ ಕೂರದ ಕೆಂಚಪ್ಪ

ಕೋವಿಡ್ ಹಾವಳಿ ಇಳಿದ ಮರುವರ್ಷ ನಾನು ಹುಳಿಯಾರು ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಖಿನ್ನತೆಗೆ ಮಾತ್ರೆ ಶುರುಮಾಡಿದವರನ್ನು ಮೊದಲ ವಾರಗಳಲ್ಲಿ ವಿಚಾರಿಸಿಕೊಳ್ಳುವುದು ನನ್ನ ಕೆಲಸ. ಈ ಮಾತ್ರೆಗಳಿಂದ ಮನಸ್ಸು ಚೇತರಿಸಿಕೊಳ್ಳಲು ವಾರಗಳೇ ಬೇಕು. ಅಡ್ಡಪರಿಣಾಮ ಅದಕ್ಕೂ ಮೊದಲೇ ಬರಬಹುದು.

ಕೆಂಚಪ್ಪ ಕುರಿ ಕಾಯುವವರು, ನಲವತ್ತರ ಆಸುಪಾಸು. ತಮ್ಮ ತೀರಿಕೊಂಡ ಮೇಲೆ ಮೂಲೆ ಹಿಡಿದು ಮಲಗಿಬಿಟ್ಟಿದ್ದರು. ಮಾತ್ರೆ ಶುರುವಾದ ಎರಡನೇ ವಾರ ಅವರ ಹೆಂಡತಿ ರಂಗಮ್ಮ ಗೆಲುವಾಗಿ ಬಂದರು.

“ವಾಸಿಯಾಗೈತೆ ಕಣಕ್ಕ. ಬೆಳಕು ಹರಿಯೋದ್ರೊಳಗೆ ಕುರಿ ಹೊಡ್ಕಂಡು ಹೋಯ್ತಾರೆ. ಒಂದ್ಕಡೆ ನಿಲ್ಲಾಕಿಲ್ಲ.”

ಕೊನೆಯ ಮಾತು ಕೇಳಿ ನನಗೆ ಸಮಾಧಾನವಾಗಲಿಲ್ಲ. ಮಧ್ಯಾಹ್ನ ಅವರನ್ನು ಹುಡುಕಿಕೊಂಡು ಹೋದೆ. ತೆಂಗಿನ ತೋಟದಾಚೆ ಹುಣಸೆ ಮರದ ನೆರಳಲ್ಲಿ ಕುರಿಗಳು ಮಲಗಿ ಮೆಲುಕು ಹಾಕುತ್ತಿದ್ದವು. ಕೆಂಚಪ್ಪ ಮಾತ್ರ ಬಿಸಿಲಲ್ಲಿ ಅವುಗಳ ಸುತ್ತ ನಡೆಯುತ್ತಿದ್ದರು. ಕೂರಿ ಎಂದೆ. ಕೂತರು, ಕಾಲು ಕುಣಿಯತೊಡಗಿತು, ತಕ್ಷಣ ಎದ್ದರು.

“ಆಗಲ್ಲ ಕಣಕ್ಕ. ಮೈಯೊಳಗೆ ಇರುವೆ ಬುಟ್ಟಂಗೈತೆ. ನಡೀತಿದ್ರೆ ಒಸಿ ವಾಸಿ. ಎಲ್ರೂ ನೀನು ಹುಷಾರಾದೆ ಅಂತಾರೆ.”

ಇದಕ್ಕೆ ಅಕಥಿಸಿಯಾ ಎನ್ನುತ್ತಾರೆ. ಮಾತ್ರೆಯಿಂದ ಕೆಲವರಿಗಷ್ಟೇ ಬರುವ, ಕೂರಲು ಬಿಡದ ಚಡಪಡಿಕೆ. ದುಃಖ ಹಾಗೇ ಇರುವಾಗ ಇದೂ ಸೇರಿಕೊಂಡರೆ ಜೀವಕ್ಕೆ ಅಪಾಯ. ಹಾಗಾಗಿ ನೇರವಾಗಿಯೇ ಕೇಳಿದೆ.

“ಸತ್ತುಹೋಗೋಣ ಅನ್ನಿಸ್ತಿದೆಯಾ ಕೆಂಚಪ್ಪೋರೆ?”

ಅವರು ಕುರಿಗಳ ಕಡೆ ನೋಡಿದರು. “ನೆನ್ನೆ ಬಾವಿತಾವ ಹೋಗಿದ್ದೆ. ಇವು ಹಿಂದೇನೇ ಬಂದ್ಬುಟ್ವು. ತಿರುಗ್ಕಂಡೆ.”

“ಇದು ಮಾತ್ರೆ ತಂದಿರೋ ಸಂಕಟ. ಇದಕ್ಕೆ ದಾರಿ ಇದೆ. ನಿಮ್ಮನ್ನ ಒಬ್ಬರನ್ನೇ ಬಿಡಲ್ಲ,” ಎಂದೆ. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ಕೂಡಲೇ ಕರೆತರಲು ಹೇಳಿದರು. ರಂಗಮ್ಮನವರಿಗೂ ಫೋನ್ ಮಾಡಿದೆ. ಅವರು ಬರುವವರೆಗೆ ಕೆಂಚಪ್ಪನವರ ಜೊತೆ ನಾನೂ ಆ ಮರವನ್ನು ಸುತ್ತಿದೆ. ನನ್ನ ಕಣ್ಣೆಲ್ಲ ರಸ್ತೆಯ ಮೇಲೇ ಇತ್ತು.

ಡಾಕ್ಟರು ಅವರನ್ನು ಆಸ್ಪತ್ರೆಗೆ ಸೇರಿಸಿಕೊಂಡು ಮಾತ್ರೆ ಬದಲಾಯಿಸಿದರು. ಮನೆಗೆ ಕಳಿಸುವಾಗ, ಸದಾ ಒಬ್ಬರು ಜೊತೆಗಿರಬೇಕು, ಮಾತ್ರೆಗಳು ರಂಗಮ್ಮನ ಕೈಯಲ್ಲೇ ಇರಬೇಕು, ತಾವಾಗಿ ನಿಲ್ಲಿಸಬಾರದು ಎಂದು ಇಬ್ಬರಿಗೂ ತಿಳಿಸಿ ಹೇಳಿದೆ. ಚಡಪಡಿಕೆ ಕೆಲವೇ ದಿನಗಳಲ್ಲಿ ಇಳಿಯಿತು. ದುಃಖ ಇಳಿಯಲು ತಿಂಗಳುಗಳೇ ಹಿಡಿದವು.

ಈಗ ನಾನು ರೋಗಿಗಳನ್ನು ಹೇಗಿದ್ದೀರಿ ಎಂದಷ್ಟೇ ಕೇಳಿ ಬಿಡುವುದಿಲ್ಲ. ಕೂತು ಊಟ ಮಾಡಲು ಆಗುತ್ತದೆಯೇ ಎಂದೂ ಕೇಳುತ್ತೇನೆ. ಮಲಗಿದ್ದವರು ಎದ್ದು ಓಡಾಡಿದ ದಿನ ಮನೆಯವರು ನಿಶ್ಚಿಂತರಾಗುತ್ತಾರೆ. ನರ್ಸ್ ಆದವಳು ಆ ದಿನವೇ ಅವರ ಮನೆಗೆ ಹೋಗಿಬರಬೇಕು.