ಪ್ರೇಮಲತಾಳ ಪಂಚಮಿ ರಜೆ

ಹರಿಹರದಲ್ಲಿ ಬೆಳಗಿನ ಬಸ್ಸು ಹಿಡಿಯುವಷ್ಟರಲ್ಲಿ ಪ್ರೇಮಲತಾಳ ಅರ್ಧ ದಿನದ ಕೆಲಸ ಮುಗಿದಿರುತ್ತಿತ್ತು. ರೊಟ್ಟಿ, ಪಲ್ಯ, ಗಂಡ ಪರಶುರಾಮನ ಊಟದ ಡಬ್ಬಿ, ಅತ್ತೆಯ ಸ್ನಾನಕ್ಕೆ ಬಿಸಿನೀರು. ಉಳಿದರ್ಧ ದಾವಣಗೆರೆ ಎಸ್.ಎಸ್. ಬಡಾವಣೆಯ ಸೂಪರ್ ಮಾರ್ಕೆಟ್ಟಿನಲ್ಲಿ, ಕಿರಾಣಿ ಕಪಾಟು ತುಂಬಿಸುವುದು. ಸಂಬಳ ಬರುತ್ತಿದ್ದದ್ದು ಎರಡನೆಯದಕ್ಕೆ.

ಊರೂರಲ್ಲಿ ಶಾಖೆಗಳಿದ್ದ ಆ ಕಂಪನಿಯ ಬಲವೆಲ್ಲ ಎರಡು ವರ್ಷದ ಹಿಂದೆ ಹಾಕಿದ ಕಂಪ್ಯೂಟರಿನಲ್ಲಿತ್ತು. ಇಲ್ಲಿ ಒಂದು ಕಿಲೋ ಶೇಂಗಾ ಬಿಲ್ಲಾದರೆ ಆ ಗಳಿಗೆಗೇ ಬೆಂಗಳೂರಿನ ಆಫೀಸಿಗೆ ತಿಳಿಯುತ್ತಿತ್ತು. ಎದುರಿನ ಅಂಗಡಿಯವರು ಬೆಲ್ಲ ಮುಗಿದ ಮೇಲೆ ಫೋನ್ ಹಚ್ಚುತ್ತಿದ್ದರೆ, ಇವರಿಗೆ ಮುಗಿಯುವ ಮೊದಲೇ ಲಾರಿ ಬಂದು ನಿಲ್ಲುತ್ತಿತ್ತು. ಯಾವ ವಾರ ಯಾರಿಗೆ ರಜೆ ಕೊಡಬಹುದೆಂಬುದನ್ನೂ ಹೋದ ವರ್ಷದ ವ್ಯಾಪಾರ ನೋಡಿ ಅದೇ ಹೇಳುತ್ತಿತ್ತು.

ಈ ಸಲ ನಾಗರ ಪಂಚಮಿಗೆ ಅವಳು ಕೇಳಿದ ನಾಲ್ಕು ದಿನ ರಜೆಯನ್ನು ಅದು ಕೂಡಲೇ ಕೊಟ್ಟಿತು. ತವರು ಕೊಂಡಜ್ಜಿಗೆ ಹೋಗಿ, ಬೇರೆಯವರು ಮಾಡಿದ್ದನ್ನು ಕೂತು ಉಣ್ಣುವ ನಾಲ್ಕು ದಿನ. ಕೆಲಸಕ್ಕೆ ಸೇರಿದ ಮೇಲೆ ಒಂದು ಸಲವೂ ಸಿಕ್ಕಿರಲಿಲ್ಲ.

ಜುಲೈ ಕೊನೆಗೆ ಕಂಪ್ಯೂಟರಿನಿಂದ ಚೀಟಿ ಬಂತು: ಬೆಲ್ಲ, ಎಳ್ಳು, ಒಣಕೊಬ್ಬರಿ ಮಾರಾಟವಾಗಿಲ್ಲ, ವಾಪಸ್ ಕಳಿಸಿ. ಪ್ರೇಮಲತಾಳಿಗೆ ಆಗ ಹೊಳೆಯಿತು. ಈ ವರ್ಷ ಅಧಿಕ ಮಾಸ ಬಂದು ಹಬ್ಬ ಆಗಸ್ಟ್ ನಡುವಿಗೆ ಸರಿದಿತ್ತು. ಕಂಪ್ಯೂಟರು ಹೋದ ವರ್ಷದ ಜುಲೈ ಕೊನೆಯ ತಾರೀಖನ್ನೇ ನಂಬಿ ಕೂತಿತ್ತು. ಅದರ ಲೆಕ್ಕದಲ್ಲಿ ಆಗಸ್ಟ್ ನಡುವೆ ಹಬ್ಬವೇ ಇಲ್ಲ, ಅದಕ್ಕೇ ಅಷ್ಟು ಸಲೀಸಾಗಿ ರಜೆ! ಸುಮ್ಮನಿದ್ದರೆ ರಜೆ ಉಳಿಯುತ್ತಿತ್ತು. ಆದರೆ ಖಾಲಿ ಕಪಾಟಿನ ಮುಂದೆ ಬಂದು ನಿಲ್ಲುವ ಹೆಂಗಸರಿಗೆ ಮುಖ ತೋರಿಸಬೇಕಾದವಳೂ ಅವಳೇ.

"ಸರ್, ಬೆಲ್ಲ ವಾಪಸ್ ಕಳಿಸಬ್ಯಾಡ್ರಿ. ಪಂಚಮಿ ಇನ್ನೂ ಬಂದೇ ಇಲ್ಲ."

ಮ್ಯಾನೇಜರ್ ಬಸವಕಿರಣ್ ಹಣೆ ಚಚ್ಚಿಕೊಂಡ. "ಹೌದಲ್ಲ ಪ್ರೇಮಕ್ಕ! ಹಂಗಾದ್ರೆ ಹಬ್ಬದ ವಾರ ಪೂರಾ ರಶ್ಶು. ನಿಮ್ಮ ರಜೆ..."

"ಹಬ್ಬದ ವಾರ ಅಂಗಡಿಗೆ ಯಾರು ಬರ್ತಾರ್ರಿ? ನೀವು ಯಾವತ್ತಾದ್ರೂ ಉಂಡಿ ಕಟ್ಟೀರೇನು?"

"ತಿಂದೀನಿ."

"ಅದು ಗೊತ್ತೈತೆ ಬಿಡ್ರಿ. ಎಳ್ಳು ಹುರೀಬೇಕು, ಶೇಂಗಾ ಸಿಪ್ಪೆ ತೆಗೀಬೇಕು, ಪಾಕ ಹಿಡೀಬೇಕು. ಐದು ನಮೂನಿ ಉಂಡಿಗೆ ವಾರ ಹಿಡಿತೈತೆ. ಅದಕ್ಕೇ ಸಾಮಾನು ಹತ್ತು ದಿನ ಮೊದಲೇ ಒಯ್ತಾರೆ. ಹಬ್ಬಕ್ಕೆ ಎಲ್ರೂ ತವರಿಗೆ ಹೋಗಿರ್ತಾರೆ. ಹೋದ ವರ್ಷದ ಬಿಲ್ಲು ತೆಗೆದು ನೋಡ್ರಿ."

ಅವನು ನೋಡಿದ. ಹಬ್ಬಕ್ಕೆ ಐದು ದಿನವಿರುವಾಗಲೇ ವ್ಯಾಪಾರ ಇಳಿದುಹೋಗಿತ್ತು. ಬಿಲ್ಲಾದ ಎಳ್ಳು ಉಂಡೆಯಾಗುವ ತನಕ ಯಾರ ಕೈ ಎಷ್ಟು ದಿನ ಸವೆಯುತ್ತದೆಂದು ಕಂಪ್ಯೂಟರಿಗೆ ಯಾರೂ ಹೇಳಿರಲಿಲ್ಲ. ಅವನು ಬೆಂಗಳೂರಿಗೆ ಬರೆದು ಹೊಸ ತಾರೀಖು ಹಾಕಿಸಿದ, ರಜೆಯನ್ನು ಮುಟ್ಟಲಿಲ್ಲ.

ಆಗಸ್ಟ್ ಮೊದಲ ವಾರ ದಾಟುತ್ತಲೇ ಹೆಂಗಸರು ಮುಗಿಬಿದ್ದರು. ಎದುರಿನ ಅಂಗಡಿಯಲ್ಲಿ ಎಳ್ಳು ಮುಗಿದು ದೂರದ ಆನೆಕೊಂಡದವರೂ ಇಲ್ಲಿಗೇ ಬಂದರು.

ಪಂಚಮಿಯ ದಿನ ಪ್ರೇಮಲತಾ ಕೊಂಡಜ್ಜಿಯಲ್ಲಿ ಜೋಕಾಲಿಯ ಮೇಲೆ ಕೂತಿದ್ದಾಗ ಪರಶುರಾಮನ ಫೋನ್ ಬಂತು.

"ಲೇ, ಸಕ್ಕರೆ ಡಬ್ಬಿ ಎಲ್ಲೈತೆ?"

"ಮೇಲಿನ ಸಾಲು, ಎಡಗಡೆ, ಅವಲಕ್ಕಿ ಹಿಂದೆ. ನಾಳೆಗೆ ಮುಗಿತೈತೆ, ಒಂದು ಕೆಜಿ ತಂದಿಡ್ರಿ."

"ಅಲ್ಲಿ ಕೂತ್ಕೊಂಡು ಅದು ಹೆಂಗೆ ಗೊತ್ತಾತು ನಿಂಗೆ?"

ಅವಳು ನಗುತ್ತ ಫೋನನ್ನು ಮಡಿಲಲ್ಲಿಟ್ಟು, ಕಾಲಿಂದ ನೆಲ ಒದ್ದು ಜೋಕಾಲಿ ಜೀಕಿದಳು.