ಮೊದಲು ಆ ನಂಬರಿಗೆ ಫೋನ್

ಹಳೆಯ ನೆಟ್‌ವರ್ಕ್ ನಿಲ್ಲುತ್ತದೆ, ಸಿಮ್ ಬದಲಿಸಿಕೊಳ್ಳಿ ಎಂದು ಮೆಸೇಜ್ ಬಂತು. ನನ್ನ ಬಟನ್ ಫೋನಿನ ಹಿಂದಿನ ಮುಚ್ಚಳ ತೆಗೆದೆ. ಬ್ಯಾಟರಿಯ ಕೆಳಗೆ ಹೊಲಿಗೆ ದಾರದ ಚೂರುಗಳ ನಡುವೆ ಆ ಸಿಮ್ಮು... ಅದನ್ನು ಹಾಕಿಕೊಟ್ಟ ಮುಂಡರಗಿಯ ಅಂಗಡಿ ಕಾಕಾ ಕಣ್ಣ ಮುಂದೆ ಬಂದರು.

ಸಿಮ್ ಕೊಂಡಾಗ ನಾನು ಆಗಷ್ಟೇ ಶಿರಹಟ್ಟಿಯ ಗಂಡನ ಮನೆ ಬಿಟ್ಟು ಡಂಬಳದ ತವರಿಗೆ ಬಂದಿದ್ದೆ. ಸೀರೆಗೆ ಜಂಪರ್ ಹೊಲಿದು ಬ್ಯಾಂಕಿನಲ್ಲಿ ಕೂಡಿಟ್ಟದ್ದರಲ್ಲೇ ಸ್ವಂತ ಟೇಲರ್ ಅಂಗಡಿ ಹಾಕಬೇಕೆಂಬ ಹಟ. ದುಡ್ಡು ತೆಗೆಯಲು ಬೇಕಾದ ಬ್ಯಾಂಕಿನ ಗುಟ್ಟಿನ ನಂಬರ್, ಓಟಿಪಿ, ಬರುತ್ತಿದ್ದದ್ದು ಈ ಫೋನಿಗೇ.

ಸಿಮ್ ಕೊಡುವಾಗಲೇ ಕಾಕಾ ಹೇಳಿದ್ದರು: "ಇದರೊಳಗಿನ ಕೀಲಿ ಭಾಳ ಗಟ್ಟಿ ಐತಿ ಯವ್ವಾ. ಟಾವರ್ ಕೇಳಿದ್ರ ಉತ್ತರ ಕೊಡ್ತೈತಿ, ಕೀಲಿ ಕೊಡೂದಿಲ್ಲ. ಆದ್ರ ಫೋನ್ ಭೋಳೇ ಐತಿ. ನೀ ಖರೇ ಟಾವರ್ ಹೌದೇನು ಅಂತ ತಿರುಗಿ ಕೇಳೂದಿಲ್ಲ. ಮತ್ತ ಅಂಗಡಿಯಾವ ಯಾರಿಗರ ಇದ ನಂಬರಿನ ಇನ್ನೊಂದು ಸಿಮ್ ಕೊಟ್ಟ ಅಂದ್ರ ಮುಗೀತು!"

ಫೋನೂ ನನ್ನ ಹಾಗೇ ಭೋಳೇ ಎಂದುಕೊಂಡು ನಕ್ಕಿದ್ದೆ.

ಒಂದು ಮಧ್ಯಾಹ್ನ ಹೊಲಿಯುತ್ತ ಕೂತಿದ್ದಾಗ ಕಾಕಾ ಫೋನ್ ಹಚ್ಚಿದರು.

"ಯವ್ವಾ, ನಿನ್ನ ಸಿಮ್ ಎಲ್ಲೈತಿ?"

"ಕೈಯಾಗ ಐತ್ರಿ, ಕಾಕಾ."

"ಇಲ್ಲಿ ನಿನ್ನ ಮೈದುನ ನಿಂತಾನ. ವೈನಿ ಸಿಮ್ ಕಳದೈತಿ, ಇನ್ನೊಂದು ಕೊಡ್ರಿ ಅಂತ ನಿನ್ನ ಗುರುತಿನ ಕಾರ್ಡಿನ ಝೆರಾಕ್ಸ್ ತಂದಾನ."

ಮಶೀನ್ ನಿಲ್ಲಿಸಿದೆ. ಆ ಹೊಸ ಸಿಮ್ ಅವನ ಕೈ ಸೇರಿದ್ದರೆ ನನ್ನದು ಸತ್ತು, ಬ್ಯಾಂಕಿನ ಮೆಸೇಜೆಲ್ಲ ಅವನಿಗೇ ಹೋಗುತ್ತಿತ್ತು. ಆ ಕಡೆ ಕಾಕಾ ಗದರಿದ್ದು ಕೇಳಿಸಿತು: "ಕೇಳಿದಿಲ್ಲೋ? ಕಳದ ಸಿಮ್ಮ ಮಾತಾಡಾಕ ಹತ್ತೈತಿ. ನಡಿ ಇಲ್ಲಿಂದ!"

ಮರುದಿನ ಹೋಗಿ ಕೈಮುಗಿದೆ. "ಏ ಹುಚ್ಚಿ, ಯಾರ್ ಬಂದ್ರೂ ಮೊದ್ಲ ಆ ನಂಬರಿಗೆ ಫೋನ್ ಹಚ್ಚತೀನಿ. ಅದು ನನ್ನ ಪದ್ಧತಿ," ಎಂದು ಚಹಾ ತರಿಸಿದರು. ನನ್ನ ಅಂಗಡಿಯ ದುಡ್ಡು ಉಳಿದದ್ದು ಆ ಪದ್ಧತಿಯಿಂದ. ಅಂಗಡಿ ತೆರೆದಾಗ ಪೂಜೆಗೆ ಕರೆದಿದ್ದೆ, ಬಂದಿದ್ದರು. ಆಮೇಲೆ ನನ್ನ ಕೆಲಸ, ನನ್ನ ಗಡಿಬಿಡಿ... ಆ ಕಡೆ ಹೋಗಿದ್ದೇ ಕಡಿಮೆ.

ನಿನ್ನೆ ಮುಂಡರಗಿಗೆ ಹೋದೆ. ಅಂಗಡಿಯಲ್ಲಿ ಕಾಕಾರ ಸೊಸೆ ಕೂತಿದ್ದಳು. ಅವಳ ಹಿಂದಿನ ಗೋಡೆಯ ಮೇಲೆ ಅವರ ಫೋಟೊ, ಅದಕ್ಕೆ ಮಾಲೆ.

"ಮಾವಾರು ಹೋಗಿ ವರ್ಷ ಆತ್ರಿ," ಅಂದಳು. ನನಗೆ ಖಬರೇ ಇರಲಿಲ್ಲ.

ಸಿಮ್ ಬದಲಿಸಬೇಕೆಂದು ನಂಬರ್ ಹೇಳಿದೆ. ನಾನು ಎದುರಿಗೇ ನಿಂತಿದ್ದರೂ ಅವಳು ಮೊದಲು ಆ ನಂಬರಿಗೆ ಫೋನ್ ಹಚ್ಚಿದಳು. ನನ್ನ ಕೈಯಲ್ಲೇ ರಿಂಗಾಯಿತು. ಎತ್ತಿದೆ.

"ಸಿಮ್ ಎಲ್ಲೈತ್ರಿ?" ಎಂದು ಕೇಳಿದಳು.

ಫೋಟೊ ನೋಡುತ್ತಲೇ ಹೇಳಿದೆ:

"ಕೈಯಾಗ ಐತ್ರಿ, ಕಾಕಾ."