ಕೆಮ್ಮಕ್ಕ ಹೋದ ಮೇಲೆಯೇ ದಾರಿ

ಬೆಳಗಿನ ಐದೂಮುಕ್ಕಾಲು. ಮರಗಳ ನಡುವೆ ಇನ್ನೂ ಬೆಳಕು ಇಳಿದಿಲ್ಲ. ಎಲೆ ಯಾವುದು, ಕಲ್ಲು ಯಾವುದು ಎಂದು ತಿಳಿಯುವಷ್ಟು ಮಾತ್ರ ಕತ್ತಲೆ ತೆಳುವಾಗಿದೆ. ಕಬ್ಬಿಣದ ಗೇಟಿನ ಅಗುಳಿ ಸರಿಸಿ ಅವರು ಕಾಲುದಾರಿಗೆ ಇಳಿಯುತ್ತಾರೆ. ಕೈಯಲ್ಲಿ ಕೋಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಟಾರ್ಚು ಹಚ್ಚಿಲ್ಲ. ಮೊದಲ ತಿರುವಿಗೆ ಹತ್ತು ಹೆಜ್ಜೆ ಇರುವಾಗ ನಿಂತು, ಗಂಟಲು ಸರಿಮಾಡಿಕೊಂಡು, ಎರಡು ಸಲ ಕೆಮ್ಮುತ್ತಾರೆ. ತೀರಾ ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ. ಆಮೇಲೆ ಕತ್ತು ಓರೆ ಮಾಡಿ ಕಿವಿಗೊಡುತ್ತಾರೆ. ಬಲಗಡೆಯ ಪೊದೆಯಲ್ಲಿ ಏನೋ ಭಾರವಾದದ್ದು ಒಣಕಡ್ಡಿ ಮುರಿಯುತ್ತಾ ಇಳಿಜಾರಿನತ್ತ ಸರಿಯುತ್ತದೆ.

"ಸೊಟ್ಟಕಿವಿ" ಎನ್ನುತ್ತಾರೆ ಮೆಲುದನಿಯಲ್ಲಿ. "ಮರಿ ಜೊತೆಗಿದೆ. ನೋಡಿ, ಓಡ್ತಾ ಇಲ್ಲ, ಎದ್ದು ಹೋಗ್ತಾ ಇದೆ. ನಾವು ಹಾದಿಯಲ್ಲಿ ಚಾಪೆ ಹಾಕ್ಕೊಂಡು ಕೂತಿರುವಾಗ ಯಾರಾದ್ರೂ ಬಂದ್ರೆ ಏಳಲ್ವಾ, ಹಾಗೆ."

ಸೊಟ್ಟಕಿವಿ ಎಂದರೆ ಹೆಣ್ಣು ಕರಡಿ. ಎಡಗಿವಿ ಹರಿದು ಮಡಚಿಕೊಂಡಿರುವುದರಿಂದ ಆ ಹೆಸರು. ಹೆಸರಿಟ್ಟವರಿಗೂ ಜನ ಒಂದು ಹೆಸರಿಟ್ಟಿದ್ದಾರೆ: ಕೆಮ್ಮಕ್ಕ. ನಲವತ್ತೆರಡು ಎಕರೆಯ ಈ ಮರಗಾಡು ಒಬ್ಬ ನಿವೃತ್ತ ಟೀಚರಮ್ಮನದು. ಅದರ ಆಚೆ ಬದಿಯ ಮನೆಗಳವರು ಬಸ್ಸಿನ ರಸ್ತೆ ಸೇರಲು ಇದರೊಳಗಿನ ಕಾಲುದಾರಿಯನ್ನೇ ಹಿಡಿಯಬೇಕು. ಇಲ್ಲವಾದರೆ ಒಂಬತ್ತು ಕಿಲೋಮೀಟರ್ ಸುತ್ತು. ಆಸ್ಪತ್ರೆಯ ನರ್ಸು, ಬೇಕರಿಯ ಕೆಲಸದವರು, ಶಾಲೆಯ ಮಕ್ಕಳು ಎಲ್ಲ ಸೇರಿ ದಿನಕ್ಕೆ ಮೂವತ್ತಾರು ಜನ. ಬಸ್ಸು ಹೋಯಿತಾ ಎಂದು ಕೇಳುವ ಹಾಗೆಯೇ ಅವರು ಗೇಟಿನಲ್ಲಿ ಕೇಳುತ್ತಾರೆ: "ಕೆಮ್ಮಕ್ಕ ಹೋದ್ರಾ?" ಹೋದರು ಎಂದರೆ ದಾರಿ ತೆರೆದಿದೆ ಎಂದರ್ಥ.

ಗೇಟಿನಿಂದ ರಸ್ತೆಗೆ ಸಾವಿರದ ಎಂಟುನೂರ ಹತ್ತು ಹೆಜ್ಜೆ. ಮಳೆ ಬಂದ ದಿನ ಸಾವಿರದ ಒಂಬೈನೂರಕ್ಕೂ ಹೆಚ್ಚು, "ಜಾರುತ್ತೆ ಅಂತ ಹೆಜ್ಜೆ ಸಣ್ಣ ಇಡ್ತೀನಲ್ಲ." ಆ ದಾರಿಯಲ್ಲಿ ಹನ್ನೊಂದು ತಿರುವು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಹೋಗಿ ಬರಬೇಕು. ತಿರುವಿಗೆ ಎರಡರಂತೆ ಲೆಕ್ಕ ಹಾಕಿದರೆ ದಿನಕ್ಕೆ ನೂರ ಎಪ್ಪತ್ತಾರು ಕೆಮ್ಮು. ಭಾನುವಾರ ಎರಡೇ ಸುತ್ತು, ಗಂಟಲಿಗೆ ಅರ್ಧ ರಜೆ. ನಡುವೆ ಬಿದ್ದ ಕೊಂಬೆ ಎಳೆದು ಹಾಕುವುದು, ಉದುರಿದ ಹಣ್ಣನ್ನು ದಾರಿಯ ಬದಿಯಿಂದ ಆರಿಸಿ ದೂರದ ತೊರೆಯ ಪಕ್ಕ ಸುರಿಯುವುದು, ಕಸದ ಡಬ್ಬಗಳಿಗೆ ಕೊಂಡಿ ಬಿಗಿಯುವುದು, ಇಪ್ಪತ್ತು ಜೇನುಪೆಟ್ಟಿಗೆಗಳ ಬೇಲಿ ನೋಡುವುದು. ಮಣ್ಣು ನೋಡಿದರೆ ಸಾಕು, ಹಿಂದಿನ ದಿನ ಯಾರು ಯಾರು ಹಾದುಹೋದರು ಎಂದು ಪಟಪಟನೆ ಹೇಳುತ್ತಾರೆ. "ಇಲ್ಲಿ ಮುಳ್ಳುಹಂದಿ. ಇದು ನರಿ, ಎಂದಿನ ಹಾಗೆ ಅಂಚಲ್ಲೇ ಹೋಗಿದೆ, ನಾಚಿಕೆ ಜಾಸ್ತಿ ಅದಕ್ಕೆ. ಇದು ಬೇಕರಿ ಅಣ್ಣನ ಚಪ್ಪಲಿ. ಹಿಮ್ಮಡಿ ಸವೆದಿದೆ ಅಂತ ಎಷ್ಟು ಸಲ ಹೇಳಿದ್ರೂ ಹೊಸದು ತಗೊಳ್ಳಲ್ಲ."

ಒಂಬತ್ತು ವರ್ಷದ ಹಿಂದೆ ಅವರು ಇಲ್ಲಿಗೆ ಬಂದದ್ದು ಹನ್ನೊಂದು ವರ್ಷದ ಮಗಳ ಕೈ ಹಿಡಿದುಕೊಂಡು. ಅದಕ್ಕೆ ಮೊದಲು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ. ಅಲ್ಲಿನ ಔಷಧಿ ನೀರಿಗೆ ಅಂಗೈಯ ಚರ್ಮ ಸುಲಿದು ಬರತೊಡಗಿದಾಗ ಬಿಟ್ಟರು. ಇಲ್ಲಿ ದಾರಿ ನೋಡಿಕೊಳ್ಳುವ ಕೆಲಸವೂ, ಟೀಚರಮ್ಮನ ಮನೆಯ ಹಿಂಗೋಡೆಗೆ ಅಂಟಿಕೊಂಡ ಎರಡು ಕೋಣೆಯೂ ಸಿಕ್ಕಿತು. ಅವರಿಗೆ ಮುಂಚೆ ದಾರಿ ನೋಡುತ್ತಿದ್ದವರು ತಗಡಿನ ಡಬ್ಬ ಬಡಿಯುತ್ತಾ ಹೋಗುತ್ತಿದ್ದರಂತೆ. ಆ ಸದ್ದಿಗೆ ಕರಡಿಗಳು ಗಾಬರಿಬಿದ್ದು ಎತ್ತೆತ್ತಲೋ ಓಡುತ್ತಿದ್ದವು, ಕೆಲವೊಮ್ಮೆ ದಾರಿಯ ಮೇಲೆಯೇ. ಇವರು ಡಬ್ಬ ಬಿಟ್ಟು ಸುಮ್ಮನೆ ನಡೆದರು. ಎರಡನೇ ತಿಂಗಳಲ್ಲಿ ಒಂದು ದಿನ, ಒದ್ದೆ ಎಲೆಯ ಮೇಲೆ ರಬ್ಬರ್ ಬೂಟು ಸದ್ದೇ ಮಾಡದಿದ್ದಾಗ, ಏಳನೇ ತಿರುವಿನಲ್ಲಿ ಗಂಡು ಕರಡಿಯೊಂದಕ್ಕೆ ಮುಖಾಮುಖಿಯಾದರು. ಎಡಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ.

"ಅದರದೇನೂ ತಪ್ಪಿಲ್ಲ. ನಾನು ಕಳ್ಳಿ ಥರ ಹೋದೆ. ಇನ್ನೊಬ್ಬರ ಮನೆಗೆ ಹೋದಾಗ ಬಾಗಿಲಲ್ಲಿ ಒಂದು ಸಲ ಕೆಮ್ಮಲ್ವಾ ನಾವು? ಒಳಗಿರೋರು ಸೆರಗು ಸರಿಮಾಡ್ಕೊಳ್ಳಲಿ ಅಂತ. ಆಸ್ಪತ್ರೇಲಿ ಮಲಗಿದ್ದಾಗ ಅದು ಹೊಳೀತು." ಹೊಲಿಗೆ ಬಿಚ್ಚಿದ ಮಾರನೆಯ ದಿನದಿಂದ ಕೆಮ್ಮುತ್ತಾ ನಡೆದರು. ಅಲ್ಲಿಂದ ಇಲ್ಲಿಯವರೆಗೆ ಈ ದಾರಿಯಲ್ಲಿ ಯಾರಿಗೂ ಒಂದು ಗೀರೂ ಆಗಿಲ್ಲ.

ಆದರೆ ಒಂಬತ್ತು ವರ್ಷದ ಅಭ್ಯಾಸ ಮನೆಯ ಹೊಸ್ತಿಲಲ್ಲಿ ನಿಲ್ಲುವುದಿಲ್ಲ. ಅಡುಗೆಮನೆಯ ಮೂಲೆ ತಿರುಗುವಾಗ ಕೆಮ್ಮು, ಬಚ್ಚಲಿಗೆ ಹೋಗುವಾಗ ಕೆಮ್ಮು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ಕೆಮ್ಮು. ಮಗಳಿಗೆ ಈಗ ಇಪ್ಪತ್ತು. ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿ ಆರು ತಿಂಗಳು. "ಇದು ನಾಟಕದ ಕೆಮ್ಮಲ್ಲಮ್ಮ, ನಿಜವಾದದ್ದು ಹತ್ಕೊಂಡಿದೆ" ಎಂದು ಹಟ ಹಿಡಿದಳು. "ನಾಲ್ಕು ಬಾಟ್ಲಿ ಮಾರೋದು ಕಲಿತ್ಕೊಂಡು ದೊಡ್ಡ ಡಾಕ್ಟರಮ್ಮ ಆಗಿಬಿಟ್ಳು" ಎಂದು ತಾಯಿ ನಕ್ಕರು. ಮಗಳು ನಗಲಿಲ್ಲ. ಜೇನುತುಪ್ಪ ಬೆರೆಸಿದ ದಪ್ಪ ಸಿರಪ್ಪು ತಂದಳು. ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು ಚಮಚ. ಬಾಟಲಿ ಎಷ್ಟು ಇಳಿದಿದೆ ಎಂದು ಬೆಳಕಿಗೆ ಹಿಡಿದು ನೋಡುವುದು ಬೇರೆ.

ಎರಡು ದಿನ ಕುಡಿದರು. ಮೂರನೆಯ ದಿನ ನಾಲ್ಕನೇ ತಿರುವಿನಲ್ಲಿ ಕಣ್ಣು ಎಳೆಯತೊಡಗಿತು. ದಾರಿ ತೆರೆಯುವವರು ತೂಕಡಿಸಿದರೆ ಹಿಂದೆ ಬರುವ ಮೂವತ್ತಾರು ಜನರ ಗತಿ? ಮಗಳಿಗೆ ಬೇಡ ಎನ್ನಲೂ ಬಾಯಿ ಬರಲಿಲ್ಲ. "ಮೊದಲ ಸಲ ತನ್ನ ಕೈಯಾರೆ ತಂದುಕೊಟ್ಟಿದ್ದು. ಹೇಗೆ ಬೇಡ ಅನ್ನಲಿ?" ಹಾಗಾಗಿ ಚಮಚಕ್ಕೆ ಸುರಿದು ಹಿಂದಿನ ಕಿಟಕಿಯಿಂದ ಹೊರಗೆ ಚೆಲ್ಲತೊಡಗಿದರು. ಬಾಟಲಿ ಸರಿಯಾಗಿ ಇಳಿಯುತ್ತಿತ್ತು. ಮಗಳಿಗೆ ಸಮಾಧಾನ, ತಾಯಿಗೆ ನಿರಾಳ. ಚೆಲ್ಲಿದ್ದು ಎಲ್ಲಿಗೆ ಹೋಗುತ್ತದೆ ಎಂದು ಅವರು ಯೋಚಿಸಲೇ ಇಲ್ಲ. ಕಷ್ಟ ಶುರುವಾದದ್ದು ಎರಡು ತಿಂಗಳ ಮೇಲೆ.

ಎಂದೂ ಮನೆಯ ಹತ್ತಿರ ಸುಳಿಯದ ಸೊಟ್ಟಕಿವಿ ಒಂದು ಸಂಜೆ ಹಿತ್ತಲಿಗೆ ಬಂತು. ನಾಲ್ಕು ದಿನ ಬಿಟ್ಟು ಮತ್ತೆ ಬಂದು ಬಟ್ಟೆ ಒಗೆಯುವ ಕಲ್ಲುಚಪ್ಪಡಿ ಕಿತ್ತು ಮಗುಚಿತು. ಮೂರನೆಯ ಸಲ ಟೀಚರಮ್ಮ ಹಿಂಬಾಗಿಲು ತೆರೆಯುತ್ತಿದ್ದಂತೆ ಎದುರಾಯಿತು. ಅವರು ಕಿರುಚಿ ಬಾಗಿಲು ಹಾಕಿದರು, ಅದು ಬೆದರಿ ಹೊಡೆದ ಏಟಿಗೆ ಬಾಗಿಲ ಹಲಗೆ ಸೀಳಿತು. "ನಿನ್ನ ನೆಂಟರು ಅಡುಗೆಮನೆಗೇ ಬಂದ್ರಲ್ಲೇ" ಎಂದರಂತೆ ಟೀಚರಮ್ಮ, ನೀರು ಕುಡಿಯುತ್ತಾ. ಎಪ್ಪತ್ತು ದಾಟಿದ ಜೀವ, ಹೆದರಿದ್ದರಲ್ಲಿ ತಪ್ಪೇನಿದೆ? ಅರಣ್ಯ ಕಚೇರಿಗೆ ದೂರು ಹೋಯಿತು. ಹಿತ್ತಲಲ್ಲಿ ಕಬ್ಬಿಣದ ಬೋನು ಬಂದು ಕೂತಿತು, ಒಳಗೆ ಕಳಿತ ಹಣ್ಣು. ಹತ್ತು ದಿನ ಇಡುತ್ತೇವೆ, ಸಿಕ್ಕಿದರೆ ದೂರದ ಬೇರೆ ಕಾಡಿಗೆ ಬಿಡುತ್ತೇವೆ ಎಂದರು ಗಾರ್ಡು.

"ಮರಿ?" ಎಂದು ಕೇಳಿದರು ಕೆಮ್ಮಕ್ಕ.

"ಅದೂ ಒಳಗೆ ಬಂದ್ರೆ ಜೊತೆಗೆ ಹೋಗುತ್ತೆ."

"ಬರದಿದ್ರೆ?"

ಗಾರ್ಡು ಬೋನಿನ ಸರಪಳಿ ಇನ್ನೊಮ್ಮೆ ಎಳೆದು ನೋಡಿ ಗೇಟಿನ ಕಡೆ ನಡೆದರು.

ಒಂದು ಪ್ರಶ್ನೆ ಮಾತ್ರ ಅವರ ತಲೆಯಿಂದ ಇಳಿಯಲಿಲ್ಲ: ಒಂಬತ್ತು ವರ್ಷ ಬಾರದ್ದು ಈಗೇಕೆ ಬಂತು? ಕಸದ ಡಬ್ಬದ ಕೊಂಡಿ ನೋಡಿದರು, ಬಿಗಿಯಾಗಿತ್ತು. ಜೇನುಪೆಟ್ಟಿಗೆ ಇಪ್ಪತ್ತೂ ನೆಟ್ಟಗಿದ್ದವು. ತೊರೆಯ ಪಕ್ಕ ಹಣ್ಣಿಗೆ ಬರವಿರಲಿಲ್ಲ. ಐದನೆಯ ಬೆಳಿಗ್ಗೆ ನೋಡಿದರೆ ಸೊಟ್ಟಕಿವಿ ಬಂದುಹೋಗಿದೆ, ಬೋನಿನ ಹಣ್ಣನ್ನು ಮೂಸಿಯೂ ನೋಡಿಲ್ಲ. ಹೆಜ್ಜೆಗುರುತು ಬೋನನ್ನು ಬಳಸಿ ನೇರ ಗೋಡೆಯ ಬುಡಕ್ಕೆ ಹೋಗಿದೆ. ಅವರು ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತರು. ಕೆಂಪಿರುವೆಯ ಸಾಲೊಂದು ಟೀಚರಮ್ಮನ ಅಡುಗೆಮನೆಯ ಕಡೆ ತಿರುಗದೆ, ಕೆಮ್ಮಕ್ಕನದೇ ಹಿಂದಿನ ಕಿಟಕಿಯ ಕೆಳಗಿನ ಬಿರುಕಿಗೆ ಇಳಿಯುತ್ತಿತ್ತು. ಸುತ್ತಲಿನ ಕಲ್ಲು ಊಟದ ತಟ್ಟೆ ನೆಕ್ಕಿಟ್ಟ ಹಾಗೆ ಫಳಫಳ. ಬಿರುಕಿಗೆ ಬೆರಳು ಹಾಕಿ ಮೂಸಿದರು.

"ಮೊದಲು ನಗು ಬಂತು. ಆಮೇಲೆ ನಾಚಿಕೆ ಆಯ್ತು. ಊರಿಗೆಲ್ಲ ಹಣ್ಣು ಆರಿಸಿ, ಡಬ್ಬ ಮುಚ್ಚಿ ಅಂತ ಹೇಳೋಳು ನಾನು. ದಿನಾ ಎರಡು ಹೊತ್ತು ಕರೆದು ಬಡಿಸಿದವಳೂ ನಾನೇ."

ಹೇಳದೆ ಕಲ್ಲು ತೊಳೆದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬೋನು ಇನ್ನೂ ಐದು ದಿನ ಇರುತ್ತಿತ್ತು. ಇಂದು ಮೂಸದ ಹಣ್ಣನ್ನು ಕರಡಿ ನಾಳೆ ಮೂಸಿದರೆ? ಬೋನು ತೆಗೆಸಬೇಕೆಂದರೆ ಟೀಚರಮ್ಮನಿಗೆ ಹೇಳಬೇಕು. ಟೀಚರಮ್ಮನಿಗಿಂತ ಮೊದಲು ಮಗಳಿಗೆ ಹೇಳಬೇಕು. ಕರಡಿಯ ಎದುರು ನಿಂತಾಗಲೂ ಇಷ್ಟು ಹೆದರಿರಲಿಲ್ಲವಂತೆ.

ಸಂಜೆ ಮಗಳು ಚೀಲ ಇಳಿಸಿ ಹೊಸ ಬಾಟಲಿ ಹೊರತೆಗೆಯುತ್ತಿದ್ದಾಗ ಹೇಳಿದರು. ಅವಳು ಬಾಟಲಿ ಹಿಡಿದುಕೊಂಡೇ ನಿಂತಳು.

"ನಾನು ತಂದಿದ್ದೆಲ್ಲ ಕರಡಿಗೆ ಕುಡಿಸಿದ್ಯಾ?"

"ಕುಡಿಸಲಿಲ್ಲ ಕಣೇ, ಚೆಲ್ಲಿದೆ. ಅದಾಗೇ ಕುಡೀತು."

"ಮತ್ತೆ ಕೆಮ್ಮು ಎಷ್ಟೋ ವಾಸಿ ಅಂದಿದ್ದು?"

"ವಾಸಿ ಆಗಿದ್ರೆ ಅದಕ್ಕೇ ಆಗಿರ್ಬೇಕು."

ಮಗಳ ಮುಖದಲ್ಲಿ ನಗು ಬಂದು ಬಾರದ ಹಾಗೆ ಹೋಯಿತು. "ಬೇಡ ಅಂತ ಒಂದು ಮಾತು ಅನ್ನೋಕಾಗಲ್ವಾ ನಿಂಗೆ? ಕಾಡಿಗೆಲ್ಲ ಕೂಗಿ ಹೇಳ್ತೀಯ, ಮನೇಲಿ ಬಾಯೇ ಬಿಡಲ್ಲ" ಎಂದು ಬೆನ್ನು ತಿರುಗಿಸಿ ಕೂತವಳು ಊಟಕ್ಕೂ ಏಳಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಸುತ್ತು ಮುಗಿಸಿ ಬಂದ ತಾಯಿಗೆ ಕಂಡದ್ದು: ಹಿತ್ತಲಲ್ಲಿ ಮಗಳು ಕೊಡ ತುಂಬ ಕುದಿಯುವ ನೀರು, ಸೋಪಿನ ಪುಡಿ, ಫಿನಾಯಿಲ್ ಇಟ್ಟುಕೊಂಡು ಸೆರಗು ಸಿಕ್ಕಿಸಿ ನಿಂತಿದ್ದಾಳೆ. ಅಂಗಡಿಗೆ ರಜೆ ಹೇಳಿದ್ದಾಳೆ. "ಸುಮ್ನೆ ನೋಡ್ತಾ ನಿಂತ್ಕೋಬೇಡ, ಆ ಕಡೆ ತಿಕ್ಕು" ಎಂದಳು.

ಇಬ್ಬರೂ ಗೋಡೆಯ ಬುಡವನ್ನು ಮೂರು ಸಲ ತಿಕ್ಕಿ, ಬಿರುಕಿಗೆ ಸಿಮೆಂಟು ಮೆತ್ತಿ, ಮೇಲೆ ಫಿನಾಯಿಲ್ ಸುರಿದರು. ಟೀಚರಮ್ಮ ಎಲ್ಲ ಕೇಳಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಕ್ಕು ಮುಗಿಸಿ ಗಾರ್ಡಿಗೆ ಫೋನು ಮಾಡಿ, ಬೋನಿನ ಬಾಗಿಲು ಬಿಗಿದು ಕಟ್ಟಿಸಿದರು. ಸೊಟ್ಟಕಿವಿ ಎರಡು ದಿನ ಬಿಟ್ಟು ಬಂತು. ಗೋಡೆಯ ಬುಡ ಮೂಸಿತು, ದೊಡ್ಡದಾಗಿ ಸೀನಿತು, ಮರಿಯನ್ನು ಕರೆದುಕೊಂಡು ಇಳಿಜಾರಿಗೆ ಹೋಯಿತು. ಮತ್ತೆ ಬರಲಿಲ್ಲ. ಹತ್ತನೆಯ ದಿನ ಬೋನು ಖಾಲಿಯಾಗಿಯೇ ಲಾರಿ ಹತ್ತಿತು.

ಎಲ್ಲರಿಗೂ ಅಲ್ಲಿಗೆ ಕತೆ ಮುಗಿಯಿತು. ಲಾರಿ ಹತ್ತುವಾಗ ಗಾರ್ಡು ಹೇಳಿದ ಒಂದು ಮಾತು ಮಾತ್ರ ಕೆಮ್ಮಕ್ಕನಿಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಕಚೇರಿಯ ಪುಸ್ತಕದಲ್ಲಿ ಹರಿದ ಕಿವಿಯ ಹೆಣ್ಣು ಕರಡಿಯ ಮುಂದೆ "ಮನೆಗೆ ನುಗ್ಗುವ ಅಭ್ಯಾಸ" ಎಂದು ಬರೆದಾಗಿದೆ. ಇನ್ನೊಂದು ದೂರು ಬಂದರೆ ಯಾಕೆ ಏನು ಎಂದು ಕೇಳುವುದಿಲ್ಲ, ಹಿಡಿದು ಸಾಗಿಸುವುದೇ. ಬೇರೆ ಕರಡಿ ಬೇರೆಲ್ಲೋ ಬೇಲಿ ಮುರಿದರೂ ಹೆಸರು ಬೀಳುವುದು ಇದರ ಮೇಲೆಯೇ.

ಮುಂದಿನ ಭಾನುವಾರ ಹೋದರೆ ಅರಣ್ಯ ಕಚೇರಿ ಮುಚ್ಚಿತ್ತು. ಸೋಮವಾರ ಮಧ್ಯಾಹ್ನ ಎರಡು ಸುತ್ತಿನ ನಡುವೆ, ಮಗಳನ್ನು ಕರೆದುಕೊಂಡು ಮತ್ತೆ ಹೋದರು. ಗುಮಾಸ್ತರು ದಪ್ಪ ಪುಸ್ತಕ ತೆರೆದು ತೋರಿಸಿದರು: ತಾರೀಕು, ಜಾಗ, ಪ್ರಾಣಿ, ಆದ ನಷ್ಟ, ತೆಗೆದುಕೊಂಡ ಕ್ರಮ. "ಮನುಷ್ಯರ ತಪ್ಪು ಬರೆಯೋಕೆ ಕಲಂ ಇಲ್ಲಮ್ಮ."

"ಕೊನೇಲಿ ಖಾಲಿ ಇದೆಯಲ್ಲ, ಅದೇನು?"

"ಅದು ಷರಾ. ಅಲ್ಲಿ ಬರೀಬಹುದು. ಆದ್ರೆ ಬರೆದ್ರೆ ನಿಮ್ಮ ವಿಷಯ ಬರುತ್ತೆ. ಕಾಡುಪ್ರಾಣಿಗೆ ತಿನ್ನೋಕೆ ಹಾಕಿದ್ದು ಅಂತ ಆಗುತ್ತೆ, ಎಚ್ಚರಿಕೆ ಪತ್ರ ಕೊಡಬೇಕಾಗುತ್ತೆ. ನಾಳೆ ಬೇರೆ ಕಡೆ ಕೆಲಸಕ್ಕೆ ಹೋದ್ರೆ ಅವರು ಕೇಳ್ತಾರೆ."

"ಬೇರೆ ಕಡೆ ಹೋಗಲ್ಲ. ಬರೀರಿ" ಎಂದರು ಕೆಮ್ಮಕ್ಕ.

ಗುಮಾಸ್ತರು ಮಗಳ ಮುಖ ನೋಡಿದರು. ಅವಳು ತನ್ನ ಪೆನ್ನು ತೆಗೆದು ಮೇಜಿನ ಮೇಲಿಟ್ಟಳು. ಷರಾ ಕಲಮಿನಲ್ಲಿ ಮೂರು ಸಾಲು ಬಿತ್ತು: ಕರಡಿಯ ತಪ್ಪಿಲ್ಲ. ಮನೆಯವರು ಸಿಹಿ ಔಷಧಿ ಚೆಲ್ಲಿದ್ದರಿಂದ ಬಂದಿದೆ. ಸ್ವಚ್ಛ ಮಾಡಿದ ಮೇಲೆ ಬಂದಿಲ್ಲ. ಕೆಮ್ಮಕ್ಕ ಓದಿಸಿ ಕೇಳಿದರು. ಇನ್ನೊಂದು ಸಲ ಓದಿಸಿದರು. ಮಡಚದ ಬೆರಳುಗಳ ಕೈಯಿಂದ ಪುಸ್ತಕ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸಹಿ ಹಾಕಿದರು. ಎದ್ದು ಬಾಗಿಲವರೆಗೆ ಹೋದವರು ತಿರುಗಿ ಬಂದರು.

"ಈ ಪುಸ್ತಕ ತುಂಬಿದ ಮೇಲೆ ಏನು ಮಾಡ್ತೀರಿ? ರದ್ದಿಗೆ ಹಾಕ್ತೀರಾ?"

"ಇಲ್ಲಮ್ಮ, ಮೂವತ್ತು ವರ್ಷ ಇಡ್ತೀವಿ."

ಅವರು ಬಲಗೈಯ ಬೆರಳು ಮಡಚಿ ಮನಸ್ಸಿನಲ್ಲೇ ಏನೋ ಕೂಡಿಸಿದರು. "ಅದು ಅಷ್ಟು ವರ್ಷ ಬದುಕಲ್ಲ" ಎಂದರು. "ಸಾಕು."